ಹನ್ನೊಂದು ಹಳದಿ ಕೋಟು

ನಾಗೇಂದ್ರಪ್ಪನವರು ರಿಟೈರ್ ಆಗಿ ಎರಡು ವರ್ಷ ಕಳೆದರೂ ಅವರೊಳಗಿನ ಕಂಡಕ್ಟರ್ ಇನ್ನೂ ರಿಟೈರ್ ಆಗಿರಲಿಲ್ಲ. ಮನೆಯಿಂದ ಹೊರಬೀಳುವಾಗ ಹೆಗಲಿಗೆ ಹಳೇ ಚರ್ಮದ ಚೀಲ ಬೀಳಲೇಬೇಕು, ಕೊರಳಿಗೆ ಸೀಟಿ ಬೀಳಲೇಬೇಕು. ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ಕಂಡ ಕಂಡ ರೂಟಿನಲ್ಲೆಲ್ಲ ಸರ್ಕಾರಿ ಬಸ್ಸಿನ ಬಾಗಿಲಿಗೆ ಒರಗಿಕೊಂಡು ಆಯುಸ್ಸು ಸವೆಸಿದ ಮನುಷ್ಯ. ಮದುವೆ ಊಟಕ್ಕೆ ಕೂತರೂ ಪಂಕ್ತಿಯಲ್ಲಿ ಎಷ್ಟು ತಲೆ ಇವೆ ಎಂದು ಎಣಿಸದೆ ಎಲೆಗೆ ಕೈ ಹಾಕುತ್ತಿರಲಿಲ್ಲ. ಇಂಥವರನ್ನು ಹುಡುಕಿ ಹುಡುಕಿ ಚನ್ನಗಿರಿ ಸೈಕಲ್ ಬಳಗಕ್ಕೆ ಅಧ್ಯಕ್ಷರನ್ನಾಗಿ ಮಾಡಿದರೆ ಬಳಗ ಬಸ್ಸಾಗದೆ ಇನ್ನೇನಾಗುತ್ತದೆ?

ಬಳಗದ ಸವಾರಿ ಹೊರಡಬೇಕೆಂದರೆ ಎರಡು ಸೀಟಿ, ನಿಲ್ಲಬೇಕೆಂದರೆ ಒಂದು. ಎಲ್ಲರಿಗೂ ಒಂದೊಂದು ನಂಬರು. ಹೊರಡುವ ಮುಂಚೆ ತಮ್ಮನ್ನು ಬಿಟ್ಟು ಹನ್ನೊಂದು ಬೆನ್ನು ಎಣಿಸಿ, "ರೈಟ್ ರೈಟ್" ಎಂದಮೇಲೇ ಚಕ್ರ ಉರುಳಬೇಕು. ಬೆನ್ನು ಯಾಕೆ, ಮುಖ ಯಾಕಲ್ಲ ಎಂದು ಹೈಸ್ಕೂಲು ಮೇಷ್ಟ್ರು ಕೆಂಚೇಶ್ ಒಮ್ಮೆ ಕೇಳಿದ್ದಕ್ಕೆ, "ಮುಖ ನೋಡಿದ್ರೆ ಮಾತಿಗೆ ಬೀಳ್ತಾರೆ, ಲೆಕ್ಕ ತಪ್ಪತೈತೆ" ಎಂದಿದ್ದರು. ತಮ್ಮ ಸರ್ವೀಸಿನಲ್ಲಿ ಒಂದು ತಲೆಯೂ ಹೆಚ್ಚು ಕಮ್ಮಿ ಆಗಿಲ್ಲ ಎಂಬುದು ಅವರ ಹೆಮ್ಮೆ. ಆ ಹೆಮ್ಮೆಯನ್ನು ಬಳಗದವರು ಪ್ರತಿ ಭಾನುವಾರ ಟೀ ಜೊತೆಗೆ ಕುಡಿಯುತ್ತಿದ್ದರು.

ಆ ಹನ್ನೊಂದರಲ್ಲಿ ಏಳನೇ ನಂಬರು ಅವರ ಹೆಂಡತಿ ಅಂಜಿನಮ್ಮನದು. ಐವತ್ತು ದಾಟಿದ ಮೇಲೆ ಸೈಕಲ್ ಕಲಿತ ಹೆಣ್ಣುಮಗಳು. ಬಸ್ ಸ್ಟ್ಯಾಂಡ್ ಹತ್ತಿರ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿರುವ ಮಸರತ್, ಕಾಲೇಜು ಮೈದಾನದಲ್ಲಿ ಸೀಟು ಹಿಡಿದು ಓಡಿ ಓಡಿ ಕಲಿಸಿದ್ದಳು. ಅಂಜಿನಮ್ಮ ಬಳಗಕ್ಕೆ ಸೇರಿದಾಗ ನಾಗೇಂದ್ರಪ್ಪನವರು ಮೇಲೆ ಮೇಲೆ ಗೊಣಗಿದರು, ಒಳಗೊಳಗೇ ಹಿಗ್ಗಿದರು. ಯಾಕೆಂದರೆ ದಿನಾ ಬೆಳಿಗ್ಗೆ ಅಭ್ಯಾಸಕ್ಕೆಂದು ಇಬ್ಬರೂ ಜೊತೆಗೆ ಹೋಗತೊಡಗಿದ ಮೇಲೆ ಅಂಜಿನಮ್ಮ ಮಾತಾಡತೊಡಗಿದ್ದಳು. ಇದು ಯಾರ ಮನೆ, ಅವರ ಮಗಳನ್ನು ಎಲ್ಲಿಗೆ ಕೊಟ್ಟಿದ್ದಾರೆ, ಈ ಕಾಂಪೌಂಡಿನ ನಾಯಿ ಯಾರನ್ನು ಕಂಡರೆ ಬೊಗಳುತ್ತದೆ, ಯಾರನ್ನು ಕಂಡರೆ ಬಾಲ ಆಡಿಸುತ್ತದೆ. ಜಗಳೂರಿನ ತನಕ ಒಂದೊಂದು ಸ್ಟೇಜಿನ ಹೆಸರೂ ಬಾಯಿಪಾಠ ಇದ್ದ ಮನುಷ್ಯನಿಗೆ ತನ್ನ ಬೀದಿಯಲ್ಲಿ ಯಾರ್‍ಯಾರು ಇದ್ದಾರೆ ಎಂದು ಗೊತ್ತಾದದ್ದು ಆಗಲೇ.

ಎಲ್ಲ ಸರಿಯಾಗಿತ್ತು, ಹಿಂದಿನ ಭಾನುವಾರ ಉಬ್ರಾಣಿ ಕಡೆಯ ಏರಿನಲ್ಲಿ ಅವರ ಬಾಯಿ ಕೈಕೊಡುವ ತನಕ. ಅಂಜಿನಮ್ಮ ಹಿಂದಿನಿಂದ, "ರೀ, ಸ್ವಲ್ಪ ನಿಲ್ರಿ" ಎಂದಳು. ಇವರು ತಿರುಗಿ ಕೂಡ ನೋಡದೆ, "ಏಳನೇ ನಂಬರ್, ಮುಂದೆ ಬರ್‍ರಿ, ಮುಂದೆ ಖಾಲಿ ಐತೆ" ಎಂದುಬಿಟ್ಟರು. ಬಳಗವೆಲ್ಲ ಬಿದ್ದು ಬಿದ್ದು ನಕ್ಕಿತು. ಅಂಜಿನಮ್ಮ ನಗಲಿಲ್ಲ. ಸಂಜೆ ಮನೆಯಲ್ಲಿ ಅನ್ನ ಬಡಿಸುತ್ತಾ, "ಬರೋ ಭಾನುವಾರ ಒಂದು ಬರ್ತೀನಿ. ಸೋಮವಾರ ಸೈಕಲ್ನ ನ್ಯಾಮತಿಗೆ ಕಳಿಸ್ತೀನಿ, ನಮ್ಮಕ್ಕನ ಮಗಳು ರಕ್ಷಾಗೆ ಕಾಲೇಜಿಗೆ ಹೋಗಾಕೆ ಬೇಕಂತೆ. ಮನ್ಯಾಗೂ ನಂಬರು, ರೋಡ್ನಾಗೂ ನಂಬರು. ನಂಗೆ ಸಾಕಾಗೈತೆ" ಎಂದಳು. ಅಷ್ಟೇ. ಸಾರು ಬಡಿಸಿ ಒಳಗೆ ಹೋದಳು.

ಕೊಡಬೇಡ ಎನ್ನುವ ಒಂದು ಮಾತನ್ನು ಹೇಳಲು ನಾಗೇಂದ್ರಪ್ಪನವರು ವಾರವೆಲ್ಲ ಹೆಣಗಿದರು. ಟಿಕೆಟ್ ತೆಗೆದುಕೊಳ್ಳದ ಪುಂಡರನ್ನು ನಡುದಾರಿಯಲ್ಲಿ ಇಳಿಸಿದ ಗಂಟಲು ಅದು, ಅಡುಗೆಮನೆಯ ಹೊಸ್ತಿಲಿಗೆ ಬಂದರೆ ಕಟ್ಟಿಕೊಳ್ಳುತ್ತಿತ್ತು. ಒಮ್ಮೆ ಬಾಗಿಲ ತನಕ ಹೋಗಿ, "ಉಪ್ಪು ಐತಾ?" ಎಂದು ಕೇಳಿ ಬಂದರು. ಇನ್ನೊಮ್ಮೆ ಹೋಗಿ ಗ್ಯಾಸ್ ಯಾವಾಗ ಬುಕ್ ಮಾಡಬೇಕೆಂದು ವಿಚಾರಿಸಿದರು. ಅಂಜಿನಮ್ಮ ಎರಡಕ್ಕೂ "ಹ್ಞೂಂ" ಎಂದಳು. ಅಷ್ಟು ವರ್ಷ ಡ್ಯೂಟಿ ಮುಗಿಸಿ ಬಂದು ಇವರು ಅವಳಿಗೆ ಕೊಟ್ಟ ಉತ್ತರವೂ ಅದೇ ಆಗಿತ್ತು, ಈಗ ವಾಪಸ್ ಬರುತ್ತಿತ್ತು. ಕೊನೆಗೆ ಭಾನುವಾರವೇ ಬಂತು. ಇವತ್ತು ಹೇಳದಿದ್ದರೆ ನಾಳೆ ಸೈಕಲ್ಲೂ ಇಲ್ಲ, ಮಾತೂ ಇಲ್ಲ ಎಂದುಕೊಳ್ಳುತ್ತಲೇ ಅವರು ಎದ್ದರು.

ಎದ್ದು ನೋಡಿದರೆ ಮಳೆ. ದಸರಾ ಮುಗಿದು ಬಿಸಿಲು ಬರಬೇಕಾದ ಹೊತ್ತಿನಲ್ಲಿ ಚಿತ್ತಾ ಮಳೆ ಹಟ ಹಿಡಿದು ಕೂತಿತ್ತು. ಸುರಿಯುವುದೂ ಇಲ್ಲ, ನಿಲ್ಲುವುದೂ ಇಲ್ಲ. ಆದರೆ ಬಳಗ ಹಿಂಜರಿಯುವಂತಿರಲಿಲ್ಲ, ಬಟ್ಟೆ ಅಂಗಡಿ ಅಲ್ತಾಫ್ ಎಲ್ಲರಿಗೂ ಹೊಸ ರೇನ್‌ಕೋಟು ತಂದುಕೊಟ್ಟಿದ್ದ. ಒಂದೇ ಬಣ್ಣ, ಒಂದೇ ಅಳತೆ, ಕಣ್ಣು ಕುಕ್ಕುವ ಹಳದಿ. ಟೋಪಿ ಮುಂದಕ್ಕೆ ಎಳೆದರೆ ಮೂಗಿನ ತುದಿ ಬಿಟ್ಟು ಮತ್ತೇನೂ ಕಾಣದು. ಹೋಲ್‌ಸೇಲಿನಲ್ಲಿ ಹನ್ನೆರಡು ಮಾತ್ರ ಕೊಡುವುದಿಲ್ಲ ಎಂದಿದ್ದರಂತೆ, ಐವತ್ತು ಹೊತ್ತು ತಂದು ಉಳಿದವನ್ನು ಸುತ್ತಲ ಹಳ್ಳಿಯವರಿಗೆ ಮಾರಿದ್ದ.

"ನಾಗೇಂದ್ರಣ್ಣ, ಎಲ್ಲರೂ ಒಂದೇ ಥರ ಕಾಣ್ತೀವಲ್ಲ, ಮನೆಗೆ ವಾಪಸ್ ಹೋಗೋವಾಗ ನೋಡಿ ಕರ್ಕೊಂಡು ಹೋಗ್ರಿ" ಎಂದಳು ಮಸರತ್.

"ನನ್ನ ಲೆಕ್ಕ ತಪ್ಪಾಕಿಲ್ಲಮ್ಮ" ಎಂದರು ಅಧ್ಯಕ್ಷರು ಗಂಭೀರವಾಗಿ.

ಎಲ್ಲರ ಮೊಬೈಲನ್ನೂ ಇಸಿದುಕೊಂಡು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಮ್ಮ ಚರ್ಮದ ಚೀಲಕ್ಕೆ ಹಾಕಿಕೊಂಡರು. ಮಳೆ ಬಂದರೆ ಇದು ನಿಯಮ. ಹನಿ ಕೂತು ಏನೂ ಕಾಣದ ಕನ್ನಡಕವನ್ನೂ ಅದರಲ್ಲೇ ಇಟ್ಟರು. ಅಂಜಿನಮ್ಮ ಹನ್ನೆರಡು ಜನಕ್ಕೆ ಆಗುವಷ್ಟು ಚಿತ್ರಾನ್ನ, ರೊಟ್ಟಿ, ಶೇಂಗಾ ಚಟ್ನಿಪುಡಿಯ ಬುತ್ತಿಯನ್ನು ಕ್ಯಾರಿಯರಿಗೆ ಬಿಗಿದು, ಅದರ ಮೇಲೆ ಕೋಟಿನ ಹಿಂಬದಿ ಇಳಿಬಿಟ್ಟಳು. ಹಿಂದಿನಿಂದ ನೋಡಿದರೆ ಗೂನು ಬೆನ್ನಿನ ಹಳದಿ ಪ್ರಾಣಿಯೊಂದು ಸೈಕಲ್ ಹತ್ತಿದ ಹಾಗಿತ್ತು. ಚನ್ನಗಿರಿಯಿಂದ ನಲ್ಲೂರು, ನಲ್ಲೂರಿನಿಂದ ಸೂಳೆಕೆರೆ, ಏರಿಯ ಮೇಲೆ ಬುತ್ತಿ ಬಿಚ್ಚುವುದು, ಮಧ್ಯಾಹ್ನದೊಳಗೆ ವಾಪಸ್. ಕೆಂಚೇಶ್ ಮುಂದೆ, ಅಧ್ಯಕ್ಷರು ಹಿಂದೆ. ಎರಡು ಸೀಟಿ, ರೈಟ್ ರೈಟ್.

ನಲ್ಲೂರಿನ ಹೋಟೆಲಿನಲ್ಲಿ ಒಂದು ಸೀಟಿ ಬಿತ್ತು. ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ, ಟೀ. ಅಂಜಿನಮ್ಮ ಟೀ ಕುಡಿದು, ಹೋಟೆಲಿನ ಹಿಂದಿನ ಮನೆಯವರನ್ನು ಕೇಳಿಕೊಂಡು ಅವರ ಬಚ್ಚಲಿಗೆ ಹೋದಳು. ಹೋಗುವಾಗ ಸೈಕಲ್ಲನ್ನೂ ಬುತ್ತಿ ಸಮೇತ ಅವರ ಪಡಸಾಲೆಯ ಸೂರಿನಡಿ ಒರಗಿಸಿದಳು, ಬೀದಿಯಲ್ಲಿ ಬಿಟ್ಟರೆ ರೊಟ್ಟಿ ನೆನೆದೀತೆಂದು. ಈ ಹೊತ್ತಿಗೆ ಮಳೆ ಜೋರಾಯಿತು. ನಿಂತರೆ ಇಲ್ಲೇ ಬೇರುಬಿಡುತ್ತೇವೆ ಎಂದುಕೊಂಡ ನಾಗೇಂದ್ರಪ್ಪನವರು ಎರಡು ಸೀಟಿ ಊದಿದರು. ಎಲ್ಲರೂ ಟೋಪಿ ಎಳೆದುಕೊಂಡು ಸೈಕಲ್ ಹತ್ತಿ ಸಾಲಾದರು. ಅಧ್ಯಕ್ಷರು ಕಣ್ಣು ಕಿರಿದು ಮಾಡಿ ಬೆನ್ನುಗಳನ್ನು ಎಣಿಸಿದರು. ಹನ್ನೊಂದು. ಕೊನೆಯ ಬೆನ್ನಿಗೆ ಗೂನೂ ಇತ್ತು.

"ರೈಟ್ ರೈಟ್" ಎಂದರು.

ನಲ್ಲೂರು ದಾಟಿದ ಮೇಲೆ ರಸ್ತೆ ಏರತೊಡಗಿತು. ಅರ್ಧ ರಸ್ತೆಯಲ್ಲಿ ರೈತರು ಒಣಗಲು ಹಾಕಿದ್ದ ಮೆಕ್ಕೆಜೋಳ ಟಾರ್ಪಾಲು ಹೊದ್ದು ಮಲಗಿತ್ತು, ಉಳಿದ ಅರ್ಧದಲ್ಲಿ ಸೈಕಲ್ಲು, ಟ್ರ್ಯಾಕ್ಟರು, ಎಮ್ಮೆ ಎಲ್ಲಕ್ಕೂ ಜಾಗ ಆಗಬೇಕು. ಗಟ್ಟಿಗರು ಮುಂದೆ ಹೋಗಿ ಸಾಲು ಹರಿದುಹೋಯಿತು. ಗೂನಿನ ಹಳದಿ ಕೋಟು ನಿಧಾನವಾಗಿ ತುಳಿಯುತ್ತಾ ಹಿಂದೆ ಉಳಿಯಿತು. ನಾಗೇಂದ್ರಪ್ಪನವರು ನೋಡಿದರು, ಹತ್ತಿರದಲ್ಲಿ ಬೇರೆ ಯಾರೂ ಇಲ್ಲ. ಈಗ ಹೇಳದಿದ್ದರೆ ಇನ್ನು ಯಾವಾಗ ಹೇಳುವುದು? ಮುಖ ನೋಡುತ್ತಾ ಹೇಳುವ ಧೈರ್ಯವಂತೂ ಇಲ್ಲ. ನಾಲ್ಕು ಸಲ ಜೋರಾಗಿ ತುಳಿದು ಕೋಟಿಗಿಂತ ಒಂದಾಳು ಮುಂದಾದರು. ರಸ್ತೆಯನ್ನೇ ನೋಡುತ್ತಾ ಶುರು ಮಾಡಿದರು.

"ಒಂದು ಮಾತು ಹೇಳ್ತೀನಿ, ನಡುವೆ ಬಾಯಿ ಹಾಕಬ್ಯಾಡ. ಕೇಳಿಸ್ತೈತಾ?"

ಹಿಂದಿನಿಂದ ಸ್ವಲ್ಪ ತಡವಾಗಿ, "ಹ್ಞೂಂ" ಎಂದು ಬಂತು.

"ರಿಟೈರ್ ಆದಮೇಲೆ ಮನ್ಯಾಗೆ ಕುಂತ್ರೆ ನಂಗೆ ಯಾರದೋ ಮನೆಗೆ ಬಂದಂಗೆ ಆಗ್ತಿತ್ತು. ಯಾವ ಡಬ್ಬದಾಗೆ ಏನೈತೆ ಗೊತ್ತಿಲ್ಲ. ಎಲ್ಲಿ ಕುಂತ್ರೂ ಅಡ್ಡ ಕುಂತಂಗೆ. ನೀನು ಕಸ ಹೊಡಿಯೋವಾಗ ಕಾಲೆತ್ರಿ ಅಂತೀಯಲ್ಲ, ದಿನಕ್ಕೆ ನಮ್ಮಿಬ್ಬರ ಮಾತು ಅದೊಂದೇ. ಹೌದೋ ಅಲ್ಲೋ?"

"ಹ್ಞೂಂ."

"ಈ ಸೈಕಲ್ ಶುರುವಾದ್ಮೇಲೆ ನೀನು ಮಾತಾಡ್ತೀಯ. ಅದನ್ನ ಕೇಳಾಕೆ ನಾನು ಅಲಾರಂ ಹೊಡಿಯೋಕಿಂತ ಮುಂಚೆ ಎದ್ದು ಕುಂತಿರ್ತೀನಿ. ನೀನು ಎದ್ದಾಗ ಮತ್ತೆ ಮಲಗಿದಂಗೆ ಮಾಡ್ತೀನಿ. ನಂಬರ್ ಅಂದಿದ್ದು ತಪ್ಪಾತು. ಬಾಯಿಗೆ ರೂಢಿ ಆಗೈತೆ. ಸೈಕಲ್ ಹೋದ್ರೆ ಮತ್ತೆ ಕಾಲೆತ್ರಿ ಅನ್ನೋದಷ್ಟೇ ಉಳಿತೈತೆ ನೋಡು. ಕೊಡಬ್ಯಾಡ. ಕೊಡಲ್ಲ ತಾನೆ?"

ಮಳೆಯ ಸದ್ದಿನಲ್ಲಿ ಹಿಂದಿನವರು ಏನೋ ಯೋಚಿಸಿದ ಹಾಗಾಯಿತು. ಆಮೇಲೆ ಬಂತು ಉತ್ತರ.

"ಊಹ್ಞೂಂ."

ನಾಗೇಂದ್ರಪ್ಪನವರ ಮೈ ಹಗುರಾಯಿತು. ಇಷ್ಟು ಸುಲಭ ಇದ್ದ ಕೆಲಸಕ್ಕೆ ವಾರವೆಲ್ಲ ಉಪ್ಪು, ಗ್ಯಾಸು ಎಂದು ಒದ್ದಾಡಿದೆನಲ್ಲ ಎಂದು ತಮ್ಮ ಮೇಲೆ ತಮಗೇ ನಗು ಬಂತು. ಕಾರಣವಿಲ್ಲದೆ ಎರಡು ಸೀಟಿ ಊದಿದರು. ಮುಂದೆ ಹೋಗುತ್ತಿದ್ದ ಟ್ರ್ಯಾಕ್ಟರಿನವನು ಹೆದರಿ ಪಕ್ಕಕ್ಕೆ ಸರಿದ. ಏರು ಮುಗಿದು ಇಳಿಜಾರು ಬಂದಾಗ ಆ ವಯಸ್ಸಿನಲ್ಲಿ ಬ್ರೇಕು ಬಿಟ್ಟು ಜಾರಿದರು.

ಸೂಳೆಕೆರೆ ಮಳೆಯಲ್ಲಿ ಆಚೆ ದಡ ಕಾಣದ ಹಾಗೆ ಬೂದು ಬಣ್ಣಕ್ಕೆ ತಿರುಗಿತ್ತು. ಏರಿಯ ಪಕ್ಕದ ಮರದಡಿ ಬಳಗವೆಲ್ಲ ಸೈಕಲ್ ನಿಲ್ಲಿಸಿ ಟೋಪಿ ಸರಿಸುತ್ತಿತ್ತು. ಮಳೆಯೂ ಸ್ವಲ್ಪ ಕಡಿಮೆಯಾಗಿತ್ತು. ನಾಗೇಂದ್ರಪ್ಪನವರು ಕೊನೆಯಲ್ಲಿ ಬಂದ ಹಳದಿ ಕೋಟಿನ ಕಡೆ ಕೈ ಚಾಚಿ, ಬಹಳ ವರ್ಷದಿಂದ ಬಳಸದ ಒಂದು ಮೆತ್ತನೆಯ ದನಿಯಲ್ಲಿ, "ಅಂಜೂ, ಬುತ್ತಿ ಬಿಚ್ಚು" ಎಂದರು.

ಹಳದಿ ಕೋಟು ಟೋಪಿ ಸರಿಸಿತು. ಒಳಗೆ ದಪ್ಪ ಮೀಸೆ ಇತ್ತು.

"ಬುತ್ತಿ ಇಲ್ಲ ಯಜಮಾನ್ರೆ" ಎಂದಿತು ಮೀಸೆ. "ಮೀನಿನ ಕ್ರೇಟ್ ಐತೆ. ಅದೂ ಈಗ ಖಾಲಿ. ತುಂಬಿಸ್ಕೊಂಡು ಹೋಗಾಕೇ ಬಂದಿದ್ದು."

ಆಮೇಲೆ ತಿಳಿದದ್ದು ಇಷ್ಟು. ಅವನ ಹೆಸರು ಮುಜಮ್ಮಿಲ್. ನಲ್ಲೂರಿನವನು. ಕೆರೆಯಿಂದ ಮೀನು ಒಯ್ದು ಸುತ್ತಲ ಹಳ್ಳಿಗಳಲ್ಲಿ ಮಾರುತ್ತಾನೆ. ಅಲ್ತಾಫನಿಂದ ಕೋಟು ಕೊಂಡವರಲ್ಲಿ ಅವನೂ ಒಬ್ಬ. ಹೋಟೆಲಿನ ಮುಂದೆ ತನ್ನದೇ ಬಣ್ಣದ ದೊಡ್ಡ ಗುಂಪು ಕಂಡು, ಸೀಟಿ ಊದಿದರೆ ಲಾರಿಯವರೂ ದಾರಿ ಬಿಡುತ್ತಾರೆ ಎಂದು ಹಿಂದೆ ಸೇರಿಕೊಂಡಿದ್ದ.

"ಅಲ್ಲಪ್ಪಾ, ನಾನು ಅಷ್ಟೊತ್ತು ಮಾತಾಡಿದ್ನಲ್ಲ, ನಾನವಳಲ್ಲ ಅಂತ ಹೇಳಬಾರದಾ?" ಎಂದರು ನಾಗೇಂದ್ರಪ್ಪನವರು.

"ಮೊದಲಿಗೆ ಫೋನ್ನಾಗೆ ಮಾತಾಡ್ತಿದೀರ ಅಂದ್ಕೊಂಡೆ. ಆಮೇಲೆ ಕೇಳಿಸ್ತೈತಾ ಅಂದ್ರಲ್ಲ, ಕೇಳಿಸ್ತಿತ್ತು, ಹ್ಞೂಂ ಅಂದೆ. ನಡುವೆ ಬಾಯಿ ಹಾಕಬ್ಯಾಡ ಅಂತ ನೀವೇ ಹೇಳಿದ್ರಿ. ಕೊಡಲ್ಲ ತಾನೆ ಅಂತ ಕೇಳ್ದಾಗ ಏನು ಅಂತ ಗೊತ್ತಾಗಲಿಲ್ಲ, ಆದ್ರೆ ನೀವು ಭಾಳ ಸಂಕಟದಾಗೆ ಇದ್ದಂಗೆ ಇತ್ತು. ಇಲ್ಲ ಅಂದ್ಬಿಟ್ಟೆ." ಸ್ವಲ್ಪ ತಡೆದು ಸೇರಿಸಿದ: "ಕಾಲೆತ್ರಿ ಅನ್ನೋದು ನಮ್ಮನ್ಯಾಗೂ ಹಂಗೇ ಯಜಮಾನ್ರೆ."

ಏನು ಕಾಲು, ಏನು ಎತ್ತುವುದು ಎಂದು ಬಳಗಕ್ಕೆ ಅರ್ಥವಾಗಲಿಲ್ಲ. ಅರ್ಥವಾದದ್ದು ಒಂದೇ, ಅಂಜಿನಮ್ಮ ಇಲ್ಲ. ಕೆಂಚೇಶ್ ಮತ್ತೊಮ್ಮೆ ಎಣಿಸಿದ, ಅಧ್ಯಕ್ಷರನ್ನೂ ಮೀನಿನವನನ್ನೂ ಬಿಟ್ಟು ಹತ್ತೇ. ಅಲ್ತಾಫ್ ಕೋಟಿನ ಬಣ್ಣ ಚೆನ್ನಾಗಿಲ್ಲವೆಂದು ಯಾರಾದರೂ ಅನ್ನುವ ಮುಂಚೆ ದೂರ ಹೋಗಿ ಕೆರೆ ನೋಡುತ್ತಾ ನಿಂತ. ಮಸರತ್ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನೇರ ಅಧ್ಯಕ್ಷರ ಎದುರು ಬಂದಳು. ಅವಳ ಮುಖದಲ್ಲಿ ಬೆಳಗಿನ ಕೀಟಲೆ ಇರಲಿಲ್ಲ.

"ಅಂಜಿನಕ್ಕ ಇವತ್ತು ಮುಗಿಸಿ ಸೈಕಲ್ ಬಿಡ್ತೀನಿ ಅಂತಿದ್ಲು. ಅವಳು ಮನಸ್ಸು ಬದಲಾಯಿಸ್ಲಿ ಅಂತ ನಾನು ದೇವರ ಹತ್ರ ಬೇಡ್ಕೊಂಡು ಬಂದಿದ್ದೆ. ನೀವು ಅವಳನ್ನೇ ಬಿಟ್ಟು ಬಂದ್ರಲ್ಲ ನಾಗೇಂದ್ರಣ್ಣ."

ಚೀಲದ ಪ್ಲಾಸ್ಟಿಕ್ ಬಿಚ್ಚಿದಾಗ ನಾಗೇಂದ್ರಪ್ಪನವರ ಮೊಬೈಲಿನಲ್ಲಿ ಗೊತ್ತಿಲ್ಲದ ನಂಬರಿನಿಂದ ಸಾಲಾಗಿ ಕಾಲ್ ಬಂದಿದ್ದವು. ತಿರುಗಿ ಮಾಡಿದರೆ ನಲ್ಲೂರಿನ ಹೋಟೆಲಿನವನು ಎತ್ತಿದ. "ಅಮ್ಮಾರು ಇಲ್ಲೇ ಕಾಯ್ತಾ ಇದ್ರು. ಚನ್ನಗಿರಿ ಬಸ್ ಬಂತು, ಹತ್ತಿ ಹೋಗ್ರಿ, ಸೈಕಲ್ ಆಮೇಲೆ ಕಳಿಸಿದ್ರಾತು ಅಂದೆ. ಅಷ್ಟರಾಗೆ ಗಿರಾಕಿ ಬಂದ್ರು, ನಾನು ಒಳಗೆ ಹೋದೆ. ಈಗ ನೋಡಿದ್ರೆ ಅಮ್ಮಾರೂ ಇಲ್ಲ, ಸೈಕಲ್ಲೂ ಇಲ್ಲ."

"ಯಾವ ಕಡೆ ಹೋದ್ಲು?"

"ನೋಡಲಿಲ್ಲ ಸರ್."

ಚನ್ನಗಿರಿ ಕಡೆ ಹೋಗಿದ್ದರೆ ಕತೆ ಮುಗಿಯಿತು ಎಂದು ನಾಗೇಂದ್ರಪ್ಪನವರಿಗೆ ಗೊತ್ತಿತ್ತು. ಅಂಜಿನಮ್ಮ ಜಗಳ ಮಾಡುವವಳಲ್ಲ. ಮನೆಗೆ ಹೋಗಿ, ಸೈಕಲ್ ಒರೆಸಿ, ನ್ಯಾಮತಿಗೆ ಫೋನ್ ಮಾಡಿ, ಇವರು ಬಂದಾಗ ಅನ್ನ ಬಡಿಸುತ್ತಾಳೆ. ಆಮೇಲೆ ಎಲ್ಲಕ್ಕೂ ಹ್ಞೂಂ. ಕೆಂಚೇಶ್ ಜೊತೆಗೆ ಬರುತ್ತೇನೆಂದ, ಬೇಡವೆಂದರು. ಸೈಕಲ್ ತಿರುಗಿಸುವಾಗ ಮುಜಮ್ಮಿಲ್ ಹಿಂದಿನಿಂದ, "ಯಜಮಾನ್ರೆ, ಅಮ್ಮಾರು ಸಿಕ್ಕಿದ್ರೆ ಅದನ್ನೇ ಹೇಳ್ರಿ. ನಂಗೆ ಹೇಳಿದ್ರಲ್ಲ, ಹಂಗೇ. ಚಲೋ ಇತ್ತು" ಎಂದ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ, ಅದೇ ಇನ್ನೂ ಕಷ್ಟವಾಯಿತು.

ಬರುವಾಗ ಜಾರಿದ ಇಳಿಜಾರು ಈಗ ಏರಾಗಿ ಎದುರಿಗೆ ನಿಂತಿತ್ತು. ಕನ್ನಡಕ ಹಾಕಿಕೊಂಡರೆ ಹನಿ, ತೆಗೆದರೆ ಮಬ್ಬು. ದೂರದಲ್ಲಿ ಹಳದಿ ಬಣ್ಣ ಕಂಡಿತು. ಎದೆ ಹಾರಿ ಜೋರಾಗಿ ತುಳಿದು ಹೋದರೆ ಎಮ್ಮೆ ಮೇಯಿಸುವ ಮುದುಕ, "ಟೈಂ ಎಷ್ಟಾತು?" ಎಂದು ಕೇಳಿದ. ಇನ್ನಷ್ಟು ದೂರ ಹೋದರೆ ಮತ್ತೊಂದು ಹಳದಿ, ಮೆಕ್ಕೆಜೋಳದ ಟಾರ್ಪಾಲಿಗೆ ಕಲ್ಲು ಇಡುತ್ತಿದ್ದ ಹೆಂಗಸು. ಮೂರನೆಯದು ಗದ್ದೆಯ ಬದುವಿನ ಮೇಲೆ ಕೋಲಿಗೆ ತೊಡಿಸಿದ ಬೆದರುಗೊಂಬೆ. ಅಲ್ತಾಫ್ ಐವತ್ತೂ ಮಾರಿದ್ದ, ಪುಣ್ಯಾತ್ಮ. ಊರಿಗೆಲ್ಲ ಹಳದಿ ಹೊದಿಸಿದ್ದ. ಮೂರು ಸಲ ಎದೆ ಹಾರಿ ಮೂರು ಸಲ ಕೂತ ಮೇಲೆ ನಾಗೇಂದ್ರಪ್ಪನವರಿಗೆ ಕಾಲು ಸೋತಿತು. ಅಳು ಬರುವ ಹಾಗಾಯಿತು. ಮಳೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಎಂದು ಸ್ವಲ್ಪ ಬರಗೊಟ್ಟರು ಕೂಡ.

ಅದೇ ಹೊತ್ತಿಗೆ ಎದುರಿನಿಂದ ನೀಲಿ ಚೂಡಿದಾರದ ಹೆಂಗಸೊಬ್ಬಳು ಸೈಕಲ್ ತುಳಿಯುತ್ತಾ ಬಂದಳು. ಕೋಟಿಲ್ಲ, ಟೋಪಿಯಿಲ್ಲ, ತಲೆಯಿಂದ ಪಾದದವರೆಗೆ ನೀರು. ಹಳದಿ ಹುಡುಕುತ್ತಿದ್ದ ಕಣ್ಣಿಗೆ ನೀಲಿ ಹಿಡಿಯಲು ಒಂದು ಗಳಿಗೆ ಬೇಕಾಯಿತು. ಅಂಜಿನಮ್ಮ ಹತ್ತಿರ ಬಂದು ಬ್ರೇಕು ಹಾಕಿ, ಒಂದು ಕಾಲು ಊರಿ ನಿಂತಳು. ಕೋಟು ಕ್ಯಾರಿಯರಿನ ಮೇಲೆ ಬುತ್ತಿಯನ್ನು ಸುತ್ತಿಕೊಂಡು ಕೂತಿತ್ತು.

"ಕೋಟು ಯಾಕೆ ಬಿಚ್ಚಿದಿ? ಥಂಡಿ ಹಿಡಿತೈತೆ."

"ಹಾಕ್ಕೊಂಡ್ರೆ ನಿಮ್ಮ ಕಣ್ಣಿಗೆ ನಾನು ಕಾಣಾಕಿಲ್ಲ, ಅದಕ್ಕೆ" ಎಂದಳು. "ಲೆಕ್ಕ ಸರಿ ಇತ್ತೇನ್ರಿ?"

"ಸರಿ ಇತ್ತು."

"ಹನ್ನೊಂದೂ?"

"ಹನ್ನೊಂದೂ. ಅದರಾಗೆ ಒಬ್ಬ ಮೀನಿನವನು."

ಅಂಜಿನಮ್ಮನ ತುಟಿಯ ಒಂದು ತುದಿ ಅಲುಗಿತು, ಮತ್ತೆ ನೇರವಾಯಿತು. "ನಾನಿಲ್ಲ ಅಂತ ಯಾವಾಗ ಗೊತ್ತಾತು?"

ಇಲ್ಲೊಂದು ಸುಳ್ಳು ಹೇಳಿದ್ದರೆ ನಡೆದುಹೋಗುತ್ತಿತ್ತು. ಒಂದು ಮೈಲಿ ಹೋಗುವಷ್ಟರಲ್ಲೇ ಗೊತ್ತಾಯಿತು ಎನ್ನಬಹುದಿತ್ತು. ನಾಗೇಂದ್ರಪ್ಪನವರಿಗೆ ಅದು ಹೊಳೆಯಿತು ಕೂಡ, ಬಾಯಿ ಒಪ್ಪಲಿಲ್ಲ.

"ಕೆರೆ ಹತ್ರ. ಬುತ್ತಿ ಕೇಳಿದಾಗ."

"ಹೊಟ್ಟೆ ಹಸಿದಾಗ ಅನ್ರಿ."

ಅವಳು ಜೋರಾಗಿ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಮೆಲ್ಲಗೆ ಹೇಳಿದಳು. "ಬಸ್ ಬಂದಿತ್ತು" ಎಂದೂ ಹೇಳಿದಳು. "ಕಂಡಕ್ಟ್ರು ಒಳ್ಳೇ ಹುಡುಗ. ಅಮ್ಮ ಬರ್ತೀರಾ ಅಂತ ನನ್ನ ಮುಖ ನೋಡಿ ಕೇಳ್ದ. ಹತ್ತಾಕೆ ಕಾಲು ಎತ್ತಿದ್ದೆ. ಆಮೇಲೆ ಹನ್ನೆರಡು ಜನದ ಊಟ ನನ್ನ ಹತ್ರ ಐತಲ್ಲ, ಅವರೇನು ತಪ್ಪು ಮಾಡ್ಯಾರೆ ಅನ್ನಿಸ್ತು."

ನಾಗೇಂದ್ರಪ್ಪನವರು ಟೋಪಿಯನ್ನು ಹಿಂದಕ್ಕೆ ತಳ್ಳಿದರು. ಕನ್ನಡಕ ತೆಗೆದು, ಅಂಗಿಯ ಒದ್ದೆಯಾಗದ ಮೂಲೆ ಹುಡುಕಿ ಒರೆಸಿ, ಹಾಕಿಕೊಂಡರು. ಹೆಂಡತಿಯ ಮುಖ ಸ್ಪಷ್ಟವಾಗಿ ಕಂಡಿತು. ಕಿವಿಯ ಹತ್ತಿರ ಬಿಳಿ ಕೂದಲು ಕೆನ್ನೆಗೆ ಅಂಟಿತ್ತು. ಮೂಗು ಥಂಡಿಗೆ ಕೆಂಪಾಗಿತ್ತು. ಮುಜಮ್ಮಿಲ್‌ಗೆ ಅಷ್ಟು ಸರಾಗವಾಗಿ ಹೇಳಿದ ಮಾತೆಲ್ಲ ಎಲ್ಲಿಗೆ ಹೋಯಿತೋ, ಡಬ್ಬ, ಅಲಾರಂ ಒಂದೂ ನೆನಪಿಗೆ ಬರಲಿಲ್ಲ.

"ಸೈಕಲ್ ಕೊಡಬ್ಯಾಡ ಅಂಜೂ" ಎಂದರು. "ನೀನು ಮಾತಾಡದಿದ್ರೆ ನಂಗೆ ಮನ್ಯಾಗೆ ಇರಾಕೆ ಆಗಾಕಿಲ್ಲ."

ಅಂಜಿನಮ್ಮ ಗಂಡನನ್ನು ಹೊಸಬರನ್ನು ನೋಡುವ ಹಾಗೆ ನೋಡಿದಳು.

"ಇದನ್ನ ವಾರದಿಂದ ಹೇಳಾಕೆ ಏನಾಗಿತ್ತು ನಿಮಗೆ?"

"ಹೇಳ್ದೆ. ಇವತ್ತೇ ಹೇಳ್ದೆ. ನಲ್ಲೂರು ದಾಟಿದ ಮ್ಯಾಲೆ, ಏರ್‍ನಾಗೆ. ಇದಕ್ಕಿಂತ ಚಲೋ ಹೇಳ್ದೆ."

"ಯಾರಿಗೆ?"

"ಮೀನಿನವನಿಗೆ."

ಅಂಜಿನಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹ್ಯಾಂಡಲ್ ಮೇಲೆ ಬಾಗಿದಳು. ಭುಜ ಅಲ್ಲಾಡುವುದನ್ನು ನೋಡಿ ಅಳುತ್ತಿದ್ದಾಳೆಂದು ನಾಗೇಂದ್ರಪ್ಪನವರು ಗಾಬರಿಯಾದರು. ಅವಳು ನಗುತ್ತಿದ್ದಳು. ಉಸಿರು ಸಿಗದೆ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಒಮ್ಮೆ ಅವಳು ಹೀಗೆ ನಕ್ಕದ್ದು ಅವರಿಗೆ ಮಸುಕಾಗಿ ನೆನಪಾಯಿತು. ಯಾತಕ್ಕೆ ನಕ್ಕಿದ್ದಳೋ ಮರೆತುಹೋಗಿತ್ತು.

"ಅವನೇನಂದ?" ಎಂದಳು ಕಣ್ಣೊರೆಸಿಕೊಳ್ಳುತ್ತಾ.

"ಕೊಡಲ್ಲ ಅಂದ."

"ಅವನು ಅಂದುಬಿಟ್ರೆ ಆತೇನ್ರಿ? ಸೈಕಲ್ ನಂದು." ನಗು ಇನ್ನೂ ದನಿಯಲ್ಲೇ ಇತ್ತು, ಆದರೆ ಮಾತು ಗಟ್ಟಿಯಾಗಿತ್ತು. "ರಕ್ಷಾಗೆ ಮಾತು ಕೊಟ್ಟೀನಿ. ಆ ಹುಡುಗಿ ಕಾಯ್ತಾ ಐತೆ. ಅವಳಿಗೆ ಏನು ಹೇಳ್ಲಿ?"

"ನಂದು ಕೊಡ್ತೀನಿ."

ಇದು ಬಾಯಿ ತಪ್ಪಿ ಬಂದ ಮಾತಲ್ಲ ಎಂದು ನೋಡಲು ಅಂಜಿನಮ್ಮ ಅವರ ಮುಖವನ್ನೇ ದಿಟ್ಟಿಸಿದಳು. ಗೇರ್ ಇರುವ ಸೈಕಲ್, ಪೆನ್ಶನ್ ಬಂದ ಕೂಡಲೇ ತಂದದ್ದು. ರಾತ್ರಿ ಅದಕ್ಕೆ ಬೆಡ್‌ಶೀಟು ಹೊದಿಸಿ ಮಲಗುತ್ತಿದ್ದ ಮನುಷ್ಯ. ಈಗ ಆ ಸೈಕಲ್ಲಿನ ಕಡೆ ನೋಡಲೂ ಇಲ್ಲ, ಅವಳನ್ನೇ ನೋಡುತ್ತಿದ್ದರು.

"ಮತ್ತೆ ನೀವು ಹೆಂಗೆ ಬರ್ತೀರಿ?"

"ನಿನ್ನ ಕ್ಯಾರಿಯರ್ ಮ್ಯಾಲೆ ಕುಂತು ಬರ್ತೀನಿ."

ಅಂಜಿನಮ್ಮ ತಿರುಗಿ ತನ್ನ ಕ್ಯಾರಿಯರನ್ನು ನೋಡಿದಳು. ಕೋಟು ಸುತ್ತಿಕೊಂಡು ಕೂತಿದ್ದ ಗಂಟಿನ ಹಗ್ಗವನ್ನು ಎಳೆದು ಬಿಗಿ ಮಾಡಿದಳು. ಸಂಸಾರಸ್ಥೆಯ ಕಣ್ಣಿನಲ್ಲಿ ಜಾಗವನ್ನು ಅಳೆದಳು.

"ನೀವಲ್ಲಿ ಕುಂತ್ರೆ ಬುತ್ತಿ ಎಲ್ಲಿಡೋದು?"

"ತೊಡೆ ಮ್ಯಾಲೆ ಇಟ್ಕೊಂತೀನಿ" ಎಂದರು ನಾಗೇಂದ್ರಪ್ಪನವರು.

ಅವಳು ಸೈಕಲ್ ಹತ್ತಿ ಕೆರೆಯ ಕಡೆ ತುಳಿದಳು. ಹತ್ತು ಹೆಜ್ಜೆ ಹೋಗಿ, ಹಿಂದಕ್ಕೆ ತಿರುಗಿ ನೋಡಿ, ಹೋಟೆಲಿನ ಹಿಂದಿನ ಮನೆಯ ಸೊಸೆ ನ್ಯಾಮತಿಯವಳಂತೆ ಎಂದು ಮಾತು ತೆಗೆದಳು.